ಎಷ್ಟು ತೂಕ, ಎಷ್ಟು ಇಂಧನ

1956ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಡಿವಿಟ್ ಎಂಬ ಸಣ್ಣ ಊರಿನಲ್ಲಿ ಸೋದರರಿಬ್ಬರು ಸೇರಿ ಫೋರ್ಡ್ ಕಾರಿನ ಡೀಲರ್‌ಶಿಪ್ ಶುರು ಮಾಡಿದರು. ಅವರಲ್ಲೊಬ್ಬರು ಚಾರ್ಲ್ಸ್ ಕೆಟಲ್ಸ್. ಆಗ ಇಪ್ಪತ್ತಾರರ ಪ್ರಾಯ. ಕೊರಿಯಾ, ಜಪಾನ್, ಥಾಯ್ಲೆಂಡ್‌ಗಳಲ್ಲಿ ಸೇನೆಯ ಪೈಲಟ್ ಆಗಿ ದುಡಿದು ಊರ ಕಡೆ ಮರಳಿದ್ದರು. ಕಾರು ಮಾರುತ್ತಲೇ ರಿಸರ್ವ್ ಪಡೆಯಲ್ಲಿ ಹೆಸರು ಉಳಿಸಿಕೊಂಡಿದ್ದರು. ಸೈನಿಕನೊಬ್ಬ ವ್ಯಾಪಾರಕ್ಕೆ ಕೂತ ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. 1963ರಲ್ಲಿ ತಾವಾಗಿಯೇ ಮತ್ತೆ ಸೇನೆಗೆ ಹೊರಟರು. ಹೆಲಿಕಾಪ್ಟರ್ ಹಾರಿಸುವುದನ್ನು ಕಲಿತರು, ಎರಡು ಸಲ ವಿಯೆಟ್ನಾಂ ಯುದ್ಧಕ್ಕೆ ಹೋಗಿಬಂದರು, ಲೆಫ್ಟಿನೆಂಟ್ ಕರ್ನಲ್ ಆಗಿ ನಿವೃತ್ತರಾದರು. ಆಮೇಲೆ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು, ಕೊನೆಗೆ ಕ್ರೈಸ್ಲರ್ ಕಾರು ಕಂಪನಿಯ ವಿಮಾನಯಾನ ಸಂಸ್ಥೆಯಲ್ಲಿ ಕೆಲಸ ಮಾಡಿ 1993ರಲ್ಲಿ ಮನೆಗೆ ಬಂದರು.

ನಮ್ಮ ಪತ್ರಿಕೆಗಳಿಗೂ ಮ್ಯಾನೇಜ್‌ಮೆಂಟ್ ಸಮ್ಮೇಳನಗಳಿಗೂ ಇಂಥ ಬದುಕು ಬಲು ಪ್ರಿಯ. ‘ರಣರಂಗದಿಂದ ಬೋರ್ಡ್‌ರೂಮಿಗೆ’ ಎಂಬ ಶೀರ್ಷಿಕೆ ಸಿದ್ಧವಾಗಿಯೇ ಇರುತ್ತದೆ. ನಿವೃತ್ತ ಅಧಿಕಾರಿಯನ್ನು ವೇದಿಕೆಗೆ ಕರೆಯುತ್ತಾರೆ. ಗುಂಡಿನ ಸುರಿಮಳೆಯ ಒಂದು ಪ್ರಸಂಗ, ಪರದೆಯ ಮೇಲೆ ನಾಯಕತ್ವದ ಐದು ಪಾಠ, ‘ನಿಮ್ಮ ಮಿತಿಯನ್ನು ಮೀರಿ’ ಎಂಬ ಘೋಷಣೆ, ಚಪ್ಪಾಳೆ, ಊಟ. ಈ ಕ್ರಮದ ಬಗ್ಗೆ ನನಗೆ ಬಹಳ ದಿನದಿಂದ ತಕರಾರಿದೆ. ಸೈನ್ಯದಲ್ಲಿ ಹೆಲಿಕಾಪ್ಟರ್ ಹಾರಿಸಿದವರು ವ್ಯಾಪಾರಕ್ಕೆ ತರಬಲ್ಲದ್ದು ಬಹಳ ಇದೆ. ಆದರೆ ಆ ವೇದಿಕೆಯ ಮೇಲೆ ಹೇಳಿಸುವ ಪ್ರಸಂಗ ಮಾತ್ರ ಅದಲ್ಲ. ಯಾಕೆಂದು ಕೆಟಲ್ಸ್ ಅವರ ಒಂದು ದಿನವನ್ನು ವಿವರವಾಗಿ ನೋಡಿದರೆ ಗೊತ್ತಾಗುತ್ತದೆ.

ಅವರು ಹುಟ್ಟಿದ್ದು 1930ರ ಜನವರಿಯಲ್ಲಿ, ಮಿಷಿಗನ್ನಿನ ಇಪ್ಸಿಲಾಂಟಿಯಲ್ಲಿ. ತಂದೆ ಮೊದಲ ಮಹಾಯುದ್ಧದ ಪೈಲಟ್. ಊರ ಪಕ್ಕದಲ್ಲೇ ವಿಲ್ಲೋ ರನ್. ಎರಡನೇ ಮಹಾಯುದ್ಧದ ಕಾಲಕ್ಕೆ ಫೋರ್ಡ್ ಕಂಪನಿ ಅಲ್ಲಿ ಕಟ್ಟಿದ ಕಾರ್ಖಾನೆಯಿಂದ 8,685 ಬಿ-24 ಬಾಂಬರ್ ವಿಮಾನಗಳು ಹೊರಬಂದವು. ಕೆಲಸ ಭರದಿಂದ ಸಾಗಿದ್ದ ದಿನಗಳಲ್ಲಿ ತಾಸಿಗೊಂದರಂತೆ. ಹೈಸ್ಕೂಲು ಓದಿದ್ದು ಡಿಯರ್‌ಬಾರ್ನ್‌ನಲ್ಲಿ, ಹೆನ್ರಿ ಫೋರ್ಡ್ ಕಟ್ಟಿಸಿದ ಎಡಿಸನ್ ಇನ್‌ಸ್ಟಿಟ್ಯೂಟ್‌ನಲ್ಲಿ. ಹುಡುಗ ಮೊದಲು ‘ಹಾರಿದ್ದು’ ಆ ಶಾಲೆಯ ಸಿಮ್ಯುಲೇಟರಿನಲ್ಲಿ. ಕಾರು, ಕಾರ್ಖಾನೆ, ವಿಮಾನ ಮೂರೂ ಒಂದೇ ಹಿತ್ತಲಿನಲ್ಲಿ ಬೆಳೆದ ಪ್ರದೇಶ ಅದು. ಎಂಜಿನಿಯರಿಂಗ್ ಓದುತ್ತಿದ್ದಾಗಲೇ, 1951ರಲ್ಲಿ, ಕಡ್ಡಾಯ ಸೇನಾ ಸೇವೆಯ ಕರೆ ಬಂತು. ಮುಂದೆ ಅವರು ಕಾರು ಮಾರಿದ್ದಕ್ಕೂ ವಿಮಾನ ಹಾರಿಸಿದ್ದಕ್ಕೂ ಬೇರೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

1963ರ ಹೊತ್ತಿಗೆ ಅಮೆರಿಕದ ಸೇನೆಗೆ ಹೆಲಿಕಾಪ್ಟರ್ ಪೈಲಟ್‌ಗಳ ಹಸಿವು ಹೆಚ್ಚಿತ್ತು. ವಿಯೆಟ್ನಾಮಿನ ಕಾಡು, ಗದ್ದೆ, ಗುಡ್ಡಗಳ ನಡುವೆ ರಸ್ತೆಗಳನ್ನು ನಂಬುವಂತಿರಲಿಲ್ಲ. ಪಡೆಯನ್ನು ಮೇಲಿನಿಂದಲೇ ಇಳಿಸಬೇಕು, ಗಾಯಾಳುಗಳನ್ನು ಮೇಲಿನಿಂದಲೇ ಎತ್ತಬೇಕು. ಆ ಯುದ್ಧದಲ್ಲಿ ಹಾರಿದ ಅಮೆರಿಕದ ಹೆಲಿಕಾಪ್ಟರುಗಳು ಸುಮಾರು 12,000. ನಾಶವಾದವು ಸುಮಾರು 5,000. ವಿಮಾನ ಹಾರಿಸಿ ಗೊತ್ತಿದ್ದ ಕೆಟಲ್ಸ್ 1964ರಲ್ಲಿ ಟೆಕ್ಸಸ್‌ನ ಫೋರ್ಟ್ ವೋಲ್ಟರ್ಸ್‌ನಲ್ಲಿ ಹೆಲಿಕಾಪ್ಟರಿಗೆ ಹೊರಳಿಕೊಂಡರು. ಮುಂದೆ ಫ್ರಾನ್ಸಿನಲ್ಲಿದ್ದಾಗ ‘ಹ್ಯೂಯಿ’ ಎಂದೇ ಹೆಸರಾದ ಬೆಲ್ ಕಂಪನಿಯ ಯುಎಚ್-1ನ್ನು ಕಲಿತರು. 1967ರ ಫೆಬ್ರುವರಿಯಲ್ಲಿ, ಮೂವತ್ತೇಳರ ವಯಸ್ಸಿನಲ್ಲಿ, 176ನೇ ಅಸಾಲ್ಟ್ ಹೆಲಿಕಾಪ್ಟರ್ ಕಂಪನಿಯ ಒಂದು ತುಕಡಿಯ ಮುಖ್ಯಸ್ಥರಾಗಿ ವಿಯೆಟ್ನಾಂ ತಲುಪಿದರು. ಅವರ ಕೈಕೆಳಗಿನ ಪೈಲಟ್‌ಗಳಲ್ಲಿ ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ಹುಡುಗರು.

1967ರ ಮೇ 15. ಡಕ್ ಫೋ ಎಂಬ ಜಾಗದ ಹತ್ತಿರ, ಒಂದು ನದಿಪಾತ್ರದಲ್ಲಿ, 101ನೇ ಏರ್‌ಬೋರ್ನ್ ಡಿವಿಷನ್ನಿನ ಯೋಧರು ಹೊಂಚಿಗೆ ಸಿಕ್ಕಿಬಿದ್ದರು. ಶತ್ರುಗಳ ಸಂಖ್ಯೆ ಹಲವು ಪಟ್ಟು ಹೆಚ್ಚು. ಗುಡ್ಡದ ಮೇಲೆ ಬಂಕರು, ಸುರಂಗ, ಮಷಿನ್‌ಗನ್ನು. ಹೆಚ್ಚುವರಿ ಪಡೆಯನ್ನು ಇಳಿಸಲು ಬೆಳಗ್ಗೆ ಕೆಟಲ್ಸ್ ತಮ್ಮ ಹ್ಯೂಯಿಗಳ ಸಾಲನ್ನು ಕರೆದೊಯ್ದಾಗ ಯೋಧರು ಬಾಗಿಲಿನಿಂದ ಜಿಗಿಯುವ ಮುಂಚೆಯೇ ಗುಂಡು ಬಡಿಯತೊಡಗಿತು. ಗಾಯಾಳುಗಳನ್ನು ಪೂರ್ತಿ ಹತ್ತಿಸಿಕೊಳ್ಳುವ ತನಕ ಅವರು ಅಲ್ಲಾಡಲಿಲ್ಲ. ಮತ್ತೆ ಹೋದರು. ಅವರ ಗನ್ನರ್ ತೀವ್ರವಾಗಿ ಗಾಯಗೊಂಡ, ಇಂಧನದ ಟ್ಯಾಂಕು ತೂತಾಯಿತು, ಸೋರುವ ಹೆಲಿಕಾಪ್ಟರಿನಲ್ಲೇ ಗಾಯಾಳುಗಳನ್ನು ಹೊತ್ತು ಮರಳಿದರು. ಸಂಜೆಯ ಹೊತ್ತಿಗೆ ನೆಲದ ಮೇಲೆ ಉಳಿದಿದ್ದವರು 44 ಮಂದಿ. ಅವರಲ್ಲಿ ನಾಲ್ವರು ಕೆಳಗುರುಳಿದ್ದ ಹೆಲಿಕಾಪ್ಟರೊಂದರ ಸಿಬ್ಬಂದಿ. ಕೆಟಲ್ಸ್ ತುಕಡಿಯಲ್ಲಿ ಹಾರುವ ಸ್ಥಿತಿಯಲ್ಲಿ ಉಳಿದಿದ್ದುದು ಒಂದೇ ಹೆಲಿಕಾಪ್ಟರು. ಇನ್ನೊಂದು ಕಂಪನಿಯಿಂದ ಐದನ್ನು ಕೇಳಿ ಪಡೆದು, ಆರು ಹ್ಯೂಯಿ ಕಟ್ಟಿಕೊಂಡು ಹೊರಟರು.

ಎಲ್ಲರೂ ಹತ್ತಿದ್ದಾರೆ ಎಂಬ ಸುದ್ದಿ ರೇಡಿಯೋದಲ್ಲಿ ಬಂತು. ಸಾಲು ಮೇಲೆದ್ದಿತು. ಬೆಂಗಾವಲಿಗಿದ್ದ ಗನ್‌ಶಿಪ್‌ಗಳೂ ಜೆಟ್‌ಗಳೂ ತಿರುಗಿದವು. ಆಮೇಲೆ ಇನ್ನೊಂದು ಸುದ್ದಿ ಬಂತು. ಎಂಟು ಮಂದಿ ಹೆಲಿಕಾಪ್ಟರಿನ ಬಳಿ ಬರಲಾಗದೆ ಹಿಂದೆಯೇ ಉಳಿದಿದ್ದಾರೆ. ಕೆಟಲ್ಸ್ ಸಾಲಿನ ಮುಂದಾಳತ್ವವನ್ನು ಇನ್ನೊಬ್ಬ ಪೈಲಟ್‌ಗೆ ಒಪ್ಪಿಸಿ, ಒಂಟಿಯಾಗಿ ಹಿಂದಿರುಗಿದರು. ಬೆಂಗಾವಲಿಲ್ಲ, ಫಿರಂಗಿಯ ಆಸರೆಯಿಲ್ಲ. ಇಳಿಯುತ್ತಿದ್ದಂತೆ ಮಾರ್ಟರ್ ಸಿಡಿಯಿತು. ಮುಂದಿನ ಗಾಜು ಒಡೆಯಿತು. ಬಾಲ ಮತ್ತು ರೋಟರ್ ಬ್ಲೇಡಿಗೆ ಏಟು ಬಿತ್ತು. ಎಂಟೂ ಜನ ಓಡಿ ಬಂದು ಹತ್ತಿದರು.

ಇಲ್ಲಿಯವರೆಗಿನದು ಧೈರ್ಯ. ಅದನ್ನು ವಿವರಿಸಲು ನನ್ನಲ್ಲಿ ಏನೂ ಇಲ್ಲ. ಮುಂದಿನದು ಲೆಕ್ಕ.

ಆ ಮಾದರಿಯ ಹ್ಯೂಯಿ ನೆಲದಿಂದ ಏಳುವಾಗ ಎಲ್ಲ ಸೇರಿ ಸುಮಾರು 4,300 ಕಿಲೋ ಮೀರಬಾರದು. ಟ್ಯಾಂಕು ತುಂಬಿದರೆ ಇಂಧನವೇ 600 ಕಿಲೋ ಆಸುಪಾಸು. ಇಬ್ಬರು ಪೈಲಟ್, ಕ್ರೂ ಚೀಫ್, ಗನ್ನರ್ ಇದ್ದೇ ಇರುತ್ತಾರೆ. ಉಳಿದ ಜಾಗ ಎಷ್ಟಿದ್ದರೇನು, ಉಳಿದ ತೂಕ ಎಷ್ಟು ಎಂಬುದೇ ಪ್ರಶ್ನೆ. ಪೈಲಟ್‌ನ ಎಡಗೈಯಲ್ಲಿ ಕಲೆಕ್ಟಿವ್ ಎಂಬ ಲಿವರ್ ಇರುತ್ತದೆ. ಅದನ್ನು ಮೇಲೆಳೆದರೆ ರೋಟರಿನ ಬ್ಲೇಡುಗಳೆಲ್ಲ ಒಟ್ಟಿಗೇ ಓರೆಯಾಗಿ ಗಾಳಿಯನ್ನು ಜೋರಾಗಿ ಕೆಳಕ್ಕೆ ತಳ್ಳುತ್ತವೆ, ಹೆಲಿಕಾಪ್ಟರ್ ಏಳುತ್ತದೆ. ಓರೆ ಹೆಚ್ಚಿದಷ್ಟೂ ಬ್ಲೇಡಿಗೆ ಗಾಳಿಯ ಅಡ್ಡಿಯೂ ಹೆಚ್ಚು. ಆ ಅಡ್ಡಿಯನ್ನು ಎಂಜಿನ್ ಮೀರಬೇಕು. ಎಂಜಿನ್ನಿನ ಶಕ್ತಿ ಮುಗಿದ ಮೇಲೂ ಲಿವರನ್ನು ಎಳೆಯುತ್ತ ಹೋದರೆ ರೋಟರಿನ ವೇಗ ಇಳಿಯುತ್ತದೆ. ಡಬಲ್ ರೈಡ್‌ನಲ್ಲಿ ಏರು ಹತ್ತುವ ಸೈಕಲ್ಲಿನ ಹಾಗೆ, ಒಂದು ಹಂತದ ಮೇಲೆ ಎಷ್ಟು ಒತ್ತಿದರೂ ಪೆಡಲ್ ನಿಧಾನವೇ ಆಗುತ್ತದೆ. ಇನ್ನೂ ಒಂದು ಕಂಟಕವಿದೆ. ಮುಖ್ಯ ರೋಟರಿಗೂ ಬಾಲದ ರೋಟರಿಗೂ ಗೇರಿನ ಸಂಬಂಧ. ಮೊದಲನೆಯದು ನಿಧಾನಿಸಿದರೆ ಎರಡನೆಯದೂ ನಿಧಾನಿಸುತ್ತದೆ, ಮೂತಿ ತನ್ನಷ್ಟಕ್ಕೆ ತಿರುಗತೊಡಗುತ್ತದೆ. ಗಾಳಿ ಬಿಸಿಯಾಗಿ ತೆಳುವಾಗಿದ್ದರೆ ಎಂಜಿನ್ನೂ ಬಡವಾಗುತ್ತದೆ, ರೋಟರೂ ಬಡವಾಗುತ್ತದೆ. ವಿಯೆಟ್ನಾಮಿನ ಮೇ ತಿಂಗಳ ಗಾಳಿ ತಂಪಾಗಿರಲಿಲ್ಲ.

ಭಾರ ಮೀರಿದ ಹೆಲಿಕಾಪ್ಟರಿಗೆ ಎರಡು ಆಸರೆಗಳಿವೆ. ಒಂದು ನೆಲ. ರೋಟರಿನ ವ್ಯಾಸದಷ್ಟು ಎತ್ತರದೊಳಗೆ, ಹ್ಯೂಯಿಗಾದರೆ 48 ಅಡಿ, ಕೆಳಕ್ಕೆ ತಳ್ಳಿದ ಗಾಳಿಯ ಹರಿವಿಗೆ ನೆಲ ತಡೆಯೊಡ್ಡುವುದರಿಂದ ಕಡಿಮೆ ಶಕ್ತಿಯಲ್ಲೇ ತೇಲಬಹುದು. ನೆಲಕ್ಕೆ ಹತ್ತಿರವಿದ್ದಷ್ಟೂ ಲಾಭ ಹೆಚ್ಚು. ಇನ್ನೊಂದು ವೇಗ. ತಾಸಿಗೆ ಮೂವತ್ತು, ನಲವತ್ತು ಕಿಲೋಮೀಟರ್ ವೇಗ ಬಂದ ಕೂಡಲೇ ರೋಟರ್ ತಾನೇ ಕಲಕಿದ ಗಾಳಿಯನ್ನು ಬಿಟ್ಟು ಹೊಸ ಗಾಳಿಗೆ ನುಗ್ಗುತ್ತದೆ, ಎತ್ತುವ ಬಲ ಒಮ್ಮೆಲೇ ಹೆಚ್ಚುತ್ತದೆ. ಆದ್ದರಿಂದ ನೇರ ಮೇಲೇಳಲಾಗದವನು ನೆಲ ಸವರಿಕೊಂಡು ಮುಂದಕ್ಕೆ ಓಡಬೇಕು.

ಕೆಟಲ್ಸ್ ಮಾಡಿದ್ದು ಇದನ್ನೇ. ತುಸು ಎದ್ದಿತು, ರೋಟರಿನ ವೇಗ ಕುಸಿಯಿತು, ಲಿವರ್ ಇಳಿಸಿದರು, ಸ್ಕಿಡ್‌ಗಳು ನದಿಪಾತ್ರಕ್ಕೆ ಬಡಿದವು, ವೇಗ ಮರಳಿತು, ಮತ್ತೆ ಎತ್ತಿದರು, ಮತ್ತೆ ಬಡಿಯಿತು. ಹೀಗೆ ಕುಪ್ಪಳಿಸುತ್ತ ಸಾಗಿ ಗಾಳಿ ಹಿಡಿದರು. ಏಳುವಷ್ಟರಲ್ಲಿ ಬಾಲಕ್ಕೆ ಇನ್ನೊಂದು ಮಾರ್ಟರ್ ಬಡಿದು ಹೆಲಿಕಾಪ್ಟರ್ ಹೊಯ್ದಾಡಿತು. ಹೊರಗೆಸೆಯಲ್ಪಟ್ಟ ಯೋಧನೊಬ್ಬ ಸ್ಕಿಡ್ ಹಿಡಿದು ನೇತಾಡಿಕೊಂಡೇ ಬಂದ. ಎಲ್ಲರೂ ಬದುಕಿದರು.

ಈಗ ನನ್ನ ತಕರಾರು. ಮ್ಯಾನೇಜ್‌ಮೆಂಟ್ ವೇದಿಕೆ ಈ ಕಥೆಯಿಂದ ತೆಗೆಯುವ ಪಾಠ ‘ಮಿತಿ ಮೀರಿ’ ಎಂಬುದು. ಆದರೆ ಅದೇ ಕೆಟಲ್ಸ್ ಇಪ್ಪತ್ತು ವರ್ಷಗಳ ಮೇಲೆ, ಕ್ರೈಸ್ಲರ್ ಕಂಪನಿಯ ಪೆಂಟಾಸ್ಟಾರ್ ಏವಿಯೇಷನ್‌ನಲ್ಲಿ ದುಡಿಯುತ್ತಿದ್ದಾಗ, ಯಾವುದಾದರೂ ಪೈಲಟ್ ಕಂಪನಿಯ ದೊಡ್ಡವರೊಬ್ಬರನ್ನು ಮೀಟಿಂಗಿಗೆ ಮುಟ್ಟಿಸಲೆಂದು ತೂಕದ ಮಿತಿ ಮೀರಿ ಹಾರಿದ್ದರೆ? ಅವನ ಲೈಸೆನ್ಸಿಗೆ ಕುತ್ತು ಬರುತ್ತಿತ್ತು, ಬರಲೂಬೇಕು. ಯುದ್ಧದಲ್ಲಿ ಪದಕ ತಂದ ಕೆಲಸವೇ ವ್ಯಾಪಾರದಲ್ಲಿ ಅಪರಾಧ. ತೂಕದ ಲೆಕ್ಕ ಎರಡೂ ಕಡೆ ಒಂದೇ. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿದೆ ಎಂಬುದು ಬೇರೆ. ಅಲ್ಲಿ ಎಂಟು ಜೀವ ಇತ್ತು, ಇಲ್ಲಿ ಒಂದು ಸಭೆ. ಈ ವ್ಯತ್ಯಾಸವನ್ನು ರಕ್ತಗತ ಮಾಡಿಕೊಂಡವನೇ ವ್ಯಾಪಾರಕ್ಕೆ ಬೇಕಾದ ಮಾಜಿ ಪೈಲಟ್.

ಇದು ಬರೀ ತರ್ಕವಲ್ಲ. 2020ರ ಜನವರಿ 26ರಂದು ಕ್ಯಾಲಿಫೋರ್ನಿಯದ ಕ್ಯಾಲಬಾಸಸ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ತಾರೆ ಕೋಬಿ ಬ್ರಯಂಟ್, ಅವರ ಮಗಳು ಸೇರಿ ಒಂಬತ್ತು ಜನರಿದ್ದ ಸಿಕೋರ್ಸ್ಕಿ ಹೆಲಿಕಾಪ್ಟರ್ ಮೋಡದೊಳಗೆ ಹೊಕ್ಕು ಗುಡ್ಡಕ್ಕೆ ಬಡಿಯಿತು. ಯಾರೂ ಉಳಿಯಲಿಲ್ಲ. ಯಂತ್ರದಲ್ಲಿ ದೋಷ ಕಾಣಲಿಲ್ಲ. ಮೋಡದಲ್ಲಿ ಪೈಲಟ್‌ಗೆ ದಿಕ್ಕಿನ ಅಂದಾಜು ತಪ್ಪಿತ್ತು. ಗಿರಾಕಿಯನ್ನು ಹೇಗಾದರೂ ತಲುಪಿಸಬೇಕೆಂದು ಅವರು ತಮ್ಮ ಮೇಲೆ ತಾವೇ ಹೇರಿಕೊಂಡ ಒತ್ತಡವೂ ಇದಕ್ಕೆ ದಾರಿಯಾಗಿರಬಹುದು ಎಂದು ತನಿಖಾ ಮಂಡಳಿ ಬರೆಯಿತು. ಯಾರೂ ಬಂದೂಕು ಹಿಡಿದು ನಿಂತಿರಲಿಲ್ಲ. ಗಿರಾಕಿ ಒತ್ತಾಯಿಸಿದ್ದಕ್ಕೂ ಪುರಾವೆ ಸಿಗಲಿಲ್ಲ. ಒತ್ತಡ ಒಳಗಿನದು. ನಮ್ಮ ಚುನಾವಣೆಯ ದಿನಗಳನ್ನೇ ನೋಡಿ. ಭಾಷಣದ ಮಧ್ಯೆ ನಾಯಕರು ಗಡಿಯಾರ ನೋಡಿ, ‘ಹೆಲಿಕಾಪ್ಟರ್ ಸೂರ್ಯ ಮುಳುಗುವ ಮುಂಚೆ ಹೋಗಬೇಕಂತೆ’ ಎಂದು ಇಳಿದುಹೋಗುತ್ತಾರೆ. ಜನ ನಗುತ್ತಾರೆ. ದೀಪವಿಲ್ಲದ ಹೈಸ್ಕೂಲು ಮೈದಾನದಿಂದ ಕತ್ತಲಲ್ಲಿ ಏಳುವುದಿಲ್ಲ ಎಂದು ಹಟ ಹಿಡಿದ ಒಬ್ಬ ಪೈಲಟ್ ಆ ಗಡಿಯಾರದ ಹಿಂದೆ ಇರುತ್ತಾನೆ. ಮುಖ್ಯಮಂತ್ರಿಗೋ ಮಾಲೀಕರಿಗೋ ‘ಆಗಲ್ಲ ಸರ್’ ಅನ್ನುವುದು ಸಣ್ಣ ಕೆಲಸವಲ್ಲ.

ಕೆಟಲ್ಸ್ ವ್ಯಾಪಾರ ಜಗತ್ತಿಗೆ ಎರಡನೇ ಸಲ ಬಂದ ರೀತಿಯೂ ಗಮನಿಸುವಂಥದ್ದು. 1969-70ರಲ್ಲಿ ಮತ್ತೊಂದು ವರ್ಷ ವಿಯೆಟ್ನಾಂ ಮುಗಿಸಿ ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದ ಸೇನಾ ನೆಲೆಗೆ ಬಂದರು. ಯುದ್ಧದಿಂದಾಗಿ ಅರ್ಧಕ್ಕೆ ನಿಂತಿದ್ದ ಪದವಿಯನ್ನು ಅಲ್ಲಿಯ ಅವರ್ ಲೇಡಿ ಆಫ್ ದ ಲೇಕ್ ವಿಶ್ವವಿದ್ಯಾಲಯದಲ್ಲಿ ಪೂರೈಸಿದರು. 1978ರಲ್ಲಿ ನಿವೃತ್ತಿ. ಹುಟ್ಟೂರಿನ ಈಸ್ಟರ್ನ್ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಪಡೆದದ್ದು ವಿಮಾನಯಾನದಲ್ಲಿ ಅಲ್ಲ, ವಾಣಿಜ್ಯ ಕಟ್ಟಡ ನಿರ್ಮಾಣದಲ್ಲಿ! ಬಳಿಕ ಅಲ್ಲೇ ಏವಿಯೇಷನ್ ಮ್ಯಾನೇಜ್‌ಮೆಂಟ್ ಕೋರ್ಸನ್ನು ಕಟ್ಟಿ, ಎರಡೂ ವಿಷಯ ಕಲಿಸಿದರು. ಹೆಸರಾಂತ ಪೈಲಟ್ ಎಂದು ಮೇಜಿನ ತುದಿಗೆ ಕೂರಿಸಿದ್ದಲ್ಲ. ಐವತ್ತರ ಹತ್ತಿರದಲ್ಲಿ ವಿದ್ಯಾರ್ಥಿಯಾಗಿ ಕೂತು ಬೇರೊಂದು ಕಸುಬು ಕಲಿತು ಬಂದದ್ದು.

ಕಂಪನಿಗಳ ವಿಮಾನಯಾನ ವಿಭಾಗ ಎಂದರೆ ಹೊರಗಿನವರಿಗೆ ಮೆರುಗಿನ ಜೆಟ್ಟುಗಳು ಕಾಣುತ್ತವೆ. ಒಳಗೆ ಅದು ಒಂದು ದಫ್ತರ. ಹೆಲಿಕಾಪ್ಟರನ್ನೇ ತೆಗೆದುಕೊಳ್ಳಿ. ರೋಟರ್ ಬ್ಲೇಡು, ಗೇರ್‌ಬಾಕ್ಸು, ಶಾಫ್ಟು, ಪ್ರತಿ ಮುಖ್ಯ ಭಾಗಕ್ಕೂ ಇಷ್ಟು ಗಂಟೆ ಹಾರಿದ ಮೇಲೆ ಬಿಚ್ಚಿ ನೋಡಬೇಕು, ಇಷ್ಟಾದ ಮೇಲೆ ಚೆನ್ನಾಗಿದ್ದರೂ ಎಸೆಯಬೇಕು ಎಂಬ ಆಯುಷ್ಯ ಬರೆದಿರುತ್ತದೆ. ಹಾರಿದರೂ ಹಾರದಿದ್ದರೂ ವಿಮೆ, ಹ್ಯಾಂಗರು, ಪೈಲಟ್ ಸಂಬಳ, ತರಬೇತಿ ಖರ್ಚು ನಿಲ್ಲುವುದಿಲ್ಲ. ತಿಂಗಳಿಗೆ ಹೆಚ್ಚು ಗಂಟೆ ಹಾರಿದಷ್ಟೂ ಗಂಟೆಗೆ ಬೀಳುವ ಖರ್ಚು ಇಳಿಯುತ್ತದೆ. ಆದರೆ ಹಾರಿದ ಪ್ರತಿ ಗಂಟೆಯೂ ಯಾವುದೋ ಭಾಗದ ಆಯುಷ್ಯವನ್ನು ತಿನ್ನುತ್ತದೆ. ಇದೆಲ್ಲ ಲಾಗ್‌ಬುಕ್ಕಿನಲ್ಲಿ ಸಹಿಯಾಗಿ ನಿಲ್ಲಬೇಕು. ಸೇನೆಯ ಪೈಲಟ್ ಈ ಲಾಗ್‌ಬುಕ್ಕನ್ನು ಓದದೆ ಕಾಕ್‌ಪಿಟ್ ಹತ್ತುವುದಿಲ್ಲ. ಆದರೆ ಅಲ್ಲಿ ಬಿಡಿಭಾಗದ ಬಿಲ್ಲು ಅವನ ಕಣ್ಣಿಗೆ ಬೀಳುವುದಿಲ್ಲ. ವ್ಯಾಪಾರಕ್ಕೆ ಬಂದಾಗ ಹೊಸದಾಗಿ ಕಲಿಯಬೇಕಾದದ್ದು ಆ ಬಿಲ್ಲು ಮಾತ್ರ. ಉಳಿದ ಶಿಸ್ತು ಬಂದಿರುತ್ತದೆ.

ಅಮೆರಿಕದಲ್ಲಿ ಹೆಲಿಕಾಪ್ಟರ್ ಒಂದು ಉದ್ಯಮವಾಗಿ ಬೆಳೆದದ್ದರಲ್ಲಿ ವಿಯೆಟ್ನಾಮಿನಿಂದ ಮರಳಿದವರ ಪಾಲು ದೊಡ್ಡದು. ಮೆಕ್ಸಿಕೋ ಕೊಲ್ಲಿಯ ತೈಲಬಾವಿಗಳಿಗೆ ಕೆಲಸಗಾರರನ್ನು ಸಾಗಿಸುವ ಕಂಪನಿಗಳು 1949ರಿಂದಲೇ ಇದ್ದವು. ಎಪ್ಪತ್ತರ ದಶಕದಲ್ಲಿ ಅವುಗಳಿಗೆ ಪೈಲಟ್‌ಗಳ ಕೊರತೆಯೇ ಆಗಲಿಲ್ಲ. 1972ರಲ್ಲಿ ಡೆನ್ವರ್‌ನ ಸೇಂಟ್ ಆಂಥೋನಿ ಆಸ್ಪತ್ರೆ ಗಾಯಾಳುಗಳನ್ನು ಹೊತ್ತು ತರಲು ತನ್ನದೇ ಹೆಲಿಕಾಪ್ಟರ್ ಸೇವೆ ಆರಂಭಿಸಿತು. ಯುದ್ಧದಲ್ಲಿ ಕಲಿತದ್ದನ್ನು ಹೆದ್ದಾರಿಯ ಅಪಘಾತಗಳಿಗೆ ಹೊಂದಿಸಿದ ಯೋಚನೆ ಅದು. ಅವರು ಬಳಸಿದ್ದು ಫ್ರಾನ್ಸಿನ ಅಲೂಯೆಟ್-3. ಅದನ್ನೇ ಬೆಂಗಳೂರಿನ ಎಚ್‌ಎಎಲ್ ಲೈಸೆನ್ಸ್ ಪಡೆದು ‘ಚೇತಕ್’ ಎಂದು ತಯಾರಿಸಿತು.

ಎಲ್ಲರಿಗೂ ದಾರಿ ಹೀಗೆ ತೆರೆಯಲಿಲ್ಲ. ರಾಬರ್ಟ್ ಮೇಸನ್ 1965-66ರಲ್ಲಿ ವಿಯೆಟ್ನಾಮಿನಲ್ಲಿ ಸಾವಿರಕ್ಕೂ ಹೆಚ್ಚು ಬಾರಿ ಯುದ್ಧಭೂಮಿಗೆ ಹಾರಿದವರು. ಮರಳಿದ ಮೇಲೆ ನಿದ್ದೆ ಹೋಯಿತು, ತಲೆ ಸುತ್ತತೊಡಗಿತು, ಹಾರಾಟ ನಿಂತಿತು. ಹಲವು ಕೆಲಸಕ್ಕೆ ಕೈಹಾಕಿ, ಯಾವುದರಲ್ಲೂ ನೆಲೆ ನಿಲ್ಲದೆ, 1981ರಲ್ಲಿ ಹಾಯಿದೋಣಿಯೊಂದರಲ್ಲಿ ಗಾಂಜಾ ಸಾಗಿಸುವಾಗ ಸಿಕ್ಕಿಬಿದ್ದರು. ಅವರ ಆತ್ಮಕಥನ ‘ಚಿಕನ್‌ಹಾಕ್’ 1983ರಲ್ಲಿ ಹೊರಬಂದು ಮನೆಮಾತಾದಾಗ ಅವರಿಗೆ ಜೈಲು ಕಾದಿತ್ತು. ‘ಯುದ್ಧ ನಾಯಕರನ್ನು ರೂಪಿಸುತ್ತದೆ’ ಎಂದು ಹೇಳುವ ಭಾಷಣಕಾರರು ಈ ಪುಸ್ತಕವನ್ನೂ ಓದಬೇಕು. ಯುದ್ಧ ಕೆಲವರನ್ನು ಮುರಿಯುತ್ತದೆ. ಕೆಟಲ್ಸ್ ಮುರಿಯದೆ ಉಳಿದದ್ದಕ್ಕೆ ಯುದ್ಧವೇ ಕಾರಣ ಎಂದು ಹೇಳುವುದು ಮೇಸನ್‌ಗೆ ಮಾಡುವ ಅನ್ಯಾಯ.

ಕೆಟಲ್ಸ್ ಅವರ ಆ ಮೇ ದಿನಕ್ಕೆ ಮೊದಲು ಸಿಕ್ಕಿದ್ದು ಡಿಸ್ಟಿಂಗ್ವಿಶ್ಡ್ ಸರ್ವೀಸ್ ಕ್ರಾಸ್, ಸೇನೆಯ ಎರಡನೇ ದೊಡ್ಡ ಗೌರವ. ಅದೂ ಅಲ್ಲಿಗೆ ಮರೆತೇಹೋಗಿತ್ತು. ದಶಕಗಳ ನಂತರ, ಮಾಜಿ ಸೈನಿಕರ ನೆನಪುಗಳನ್ನು ದಾಖಲಿಸುತ್ತಿದ್ದ ಇಪ್ಸಿಲಾಂಟಿಯ ಒಬ್ಬ ನಿವೃತ್ತ ಸಮಾಜ ಕಾರ್ಯಕರ್ತ ಅವರನ್ನು ಮಾತಾಡಿಸಿದಾಗ ಈ ಪ್ರಸಂಗ ಹೊರಬಿತ್ತು. ಕೇಳಿದವರು ಸುಮ್ಮನೆ ಕೂರಲಿಲ್ಲ, ಕಾಗದ ಪತ್ರ ಹಿಡಿದು ಓಡಾಡಿದರು. ಅದಕ್ಕಿಂತ ದೊಡ್ಡ ಗೌರವ ಕೊಡುವ ಗಡುವು ಎಂದೋ ಮುಗಿದಿದ್ದರಿಂದ ಅಮೆರಿಕದ ಸಂಸತ್ತೇ ವಿನಾಯಿತಿ ಕೊಡಬೇಕಾಯಿತು. 2016ರ ಜುಲೈ 18ರಂದು ಶ್ವೇತಭವನದಲ್ಲಿ ಒಬಾಮಾ ಅವರು ಕೆಟಲ್ಸ್ ಕೊರಳಿಗೆ ಮೆಡಲ್ ಆಫ್ ಆನರ್ ತೊಡಿಸಿದಾಗ ಅವರಿಗೆ ಎಂಬತ್ತಾರು. ವಾಷಿಂಗ್ಟನ್ನಿನ ವಿಯೆಟ್ನಾಂ ಸ್ಮಾರಕದ ಗೋಡೆಯ ಮೇಲೆ ಆ 44 ಹೆಸರುಗಳು ಇಲ್ಲ, ಅಷ್ಟೇ ತಮಗೆ ಮುಖ್ಯ ಎಂಬ ಅರ್ಥದ ಮಾತನ್ನು ಅವರು ಆಡಿದರು. 2019ರ ಜನವರಿಯಲ್ಲಿ ತೀರಿಕೊಂಡರು. ಪಾಠ ಹೇಳಿದ ವರ್ಷಗಳಲ್ಲೂ ಕಂಪನಿಯ ವರ್ಷಗಳಲ್ಲೂ ಈ ಕಥೆಯನ್ನು ಅವರು ಬಂಡವಾಳ ಮಾಡಿಕೊಳ್ಳಲಿಲ್ಲ. ನಾಯಕತ್ವದ ಭಾಷಣದ ಪೇಟೆ ಅಮೆರಿಕದಲ್ಲಿ ನಮ್ಮಲ್ಲಿಗಿಂತ ದೊಡ್ಡದು ಎಂಬುದನ್ನು ನೆನೆದರೆ ಇದು ಸಣ್ಣ ಸಂಗತಿಯಲ್ಲ.

ನಮ್ಮಲ್ಲಿಯ ಒಂದು ಕಥೆಗೆ ಬರೋಣ. ಕ್ಯಾಪ್ಟನ್ ಗೋಪಿನಾಥ್ ಕನ್ನಡಿಗರಿಗೆ ಹೊಸಬರಲ್ಲ. ಗೊರೂರು, ವಿಜಯಪುರದ ಸೈನಿಕ ಶಾಲೆ, ಸೇನೆ, ಜಾವಗಲ್ ಬಳಿಯ ಕೃಷಿ, 2003ರಲ್ಲಿ ಏರ್ ಡೆಕ್ಕನ್, ಅವರ ಬದುಕಿನಿಂದ ಪ್ರೇರಣೆ ಪಡೆದು 2020ರಲ್ಲಿ ಬಂದ ತಮಿಳು ಸಿನಿಮಾ, ಎಲ್ಲವೂ ಗೊತ್ತು. ಆದರೆ ಏರ್ ಡೆಕ್ಕನ್‌ಗೂ ಮುಂಚೆ, ತೊಂಬತ್ತರ ದಶಕದಲ್ಲಿ, ಬೆಂಗಳೂರಿನಲ್ಲಿ ಹುಟ್ಟಿದ್ದು ಡೆಕ್ಕನ್ ಏವಿಯೇಷನ್ ಎಂಬ ಹೆಲಿಕಾಪ್ಟರ್ ಬಾಡಿಗೆ ಕಂಪನಿ. ಅದರ ನೆಲೆ ಜಕ್ಕೂರು. ಗೋಪಿನಾಥ್ ಸೇನಾಧಿಕಾರಿಯಾಗಿದ್ದರು, ಪೈಲಟ್ ಆಗಿರಲಿಲ್ಲ. ಪೈಲಟ್ ಆಗಿದ್ದವರು ಜೊತೆಗೂಡಿ ಕಂಪನಿ ಕಟ್ಟಿದ ಕ್ಯಾಪ್ಟನ್ ಕೆ.ಜೆ. ಸ್ಯಾಮ್ಯುಯೆಲ್, ಸೇನೆಯಲ್ಲಿ ಹೆಲಿಕಾಪ್ಟರ್ ಹಾರಿಸಿ ಬಂದವರು. ನಾವು ಹೇಳಿಕೊಳ್ಳುವ ಕಥೆಗಳಲ್ಲಿ ಅವರಿಗೆ ಸಿಗುವುದು ಒಂದು ಸಾಲು. ಕನಸು ಕಂಡವರ ಹೆಸರು ನೆನಪಿರುತ್ತದೆ, ಯಾವ ಯಂತ್ರ ತರಬೇಕು, ಅದು ಎಷ್ಟು ಹೊರುತ್ತದೆ, ಯಾವಾಗ ಹ್ಯಾಂಗರಿನಲ್ಲೇ ಇರಬೇಕು ಎಂದು ಹೇಳಬಲ್ಲವರ ಹೆಸರು ಜಾರಿಬಿಡುತ್ತದೆ. ಖಾಸಗಿ ಹೆಲಿಕಾಪ್ಟರ್ ಕಂಪನಿಯೆಂದರೆ ಬ್ಯಾಂಕಿನವರೂ ಅಧಿಕಾರಿಗಳೂ ಹುಬ್ಬೇರಿಸುತ್ತಿದ್ದ ಕಾಲದಲ್ಲಿ, ಕಸುಬು ಬಲ್ಲ ಪಾಲುದಾರನಿಲ್ಲದೆ ಆ ಕನಸು ಕಾಗದದ ಮೇಲೇ ಉಳಿಯುತ್ತಿತ್ತು ಎಂದು ನನ್ನ ಎಣಿಕೆ.

ಭಾರತದ ಸೇನಾ ಹೆಲಿಕಾಪ್ಟರ್ ಪೈಲಟ್‌ಗಳ ತೂಕದ ಲೆಕ್ಕವಂತೂ ಜಗತ್ತಿನಲ್ಲೇ ಕಠಿಣ. 1984ರ ಏಪ್ರಿಲ್‌ನಿಂದ ನಾವು ಹಿಡಿದಿರುವ ಸಿಯಾಚಿನ್‌ನಲ್ಲಿ, ಇಪ್ಪತ್ತು ಸಾವಿರ ಅಡಿಯ ಆಸುಪಾಸಿನ ಠಾಣೆಗಳಿಗೆ ಸೀಮೆಎಣ್ಣೆ, ಔಷಧ, ಕಾಗದ ಒಯ್ಯುವುದು ‘ಚೀತಾ’. ಇದೂ ಫ್ರೆಂಚ್ ವಿನ್ಯಾಸ, ಬೆಂಗಳೂರಿನ ತಯಾರಿ. ಗಾಳಿ ಅಲ್ಲಿ ಎಷ್ಟು ತೆಳು ಎಂದರೆ ಅತಿ ಎತ್ತರದ ಠಾಣೆಗೆ ಒಂದು ಸುತ್ತಿಗೆ ಇಪ್ಪತ್ತು, ಇಪ್ಪತ್ತೈದು ಕಿಲೋ ಸಾಗಿಸಿದರೆ ಹೆಚ್ಚು. ಒಂದು ಜೆರ್ರಿಕ್ಯಾನ್ ಜಾಸ್ತಿ ಹೇರಿದರೆ ಇಳಿದದ್ದು ಏಳುವುದಿಲ್ಲ. ಆದ್ದರಿಂದ ಇಂಧನವನ್ನು ಹೋಗಿ ಬರುವಷ್ಟೇ, ಲೀಟರ್ ಲೆಕ್ಕದಲ್ಲಿ ತುಂಬಿಕೊಳ್ಳುತ್ತಾರೆ. ಇಂಥ ಕೆಲಸ ಮಾಡಿದವರು ಸೇವೆ ಮುಗಿಸಿ ಬರುವಾಗ ನಲವತ್ತರ ಹಿಂದೆ ಮುಂದೆ ಇರುತ್ತಾರೆ. ಅಧಿಕಾರಿಗೆ ಪೂರ್ಣ ಪಿಂಚಣಿಗೆ ಇಪ್ಪತ್ತು ವರ್ಷ ಆಗಬೇಕು. ಶಾರ್ಟ್ ಸರ್ವೀಸ್‌ನಲ್ಲಿ ಸೇರಿ ಹತ್ತು, ಹದಿನಾಲ್ಕು ವರ್ಷಕ್ಕೆ ಹೊರಬಂದವರಿಗೆ ಪಿಂಚಣಿಯಿಲ್ಲ. ಹಾರಾಟ ಮುಂದುವರಿಸಬೇಕೆಂದರೆ ಡಿಜಿಸಿಎ ಪರೀಕ್ಷೆ ಬರೆದು ನಾಗರಿಕ ಲೈಸೆನ್ಸ್ ಪಡೆಯಬೇಕು. ಹಾರಾಟ ಬೇಡವೆನ್ನುವವರು ರಕ್ಷಣಾ ಇಲಾಖೆಯ ಪುನರ್ವಸತಿ ನಿರ್ದೇಶನಾಲಯದ ಮೂಲಕ ಐಐಎಂಗಳಲ್ಲಿ ಆರು ತಿಂಗಳ ಮ್ಯಾನೇಜ್‌ಮೆಂಟ್ ಕೋರ್ಸ್ ಮಾಡುತ್ತಾರೆ.

ಆಮೇಲೆ ಏನಾಗುತ್ತದೆ? ನಮ್ಮ ಕಂಪನಿಗಳಲ್ಲಿ ಬಹಳಷ್ಟಕ್ಕೆ ಮಾಜಿ ಸೇನಾಧಿಕಾರಿ ಎಂದರೆ ‘ಅಡ್ಮಿನ್ ಆಂಡ್ ಸೆಕ್ಯುರಿಟಿ’. ಗೇಟಿನ ಕಾವಲು, ಕ್ಯಾಂಟೀನು, ಕ್ಯಾಬು, ಪಾರ್ಕಿಂಗು. ಜೋರು ದನಿಯಿದೆ, ಶಿಸ್ತಿದೆ, ಕಾರ್ಮಿಕರು ಹೆದರುತ್ತಾರೆ ಎಂಬ ಲೆಕ್ಕಾಚಾರ. ಹಿಮಗಡ್ಡೆಯ ಮೇಲೆ ಲೀಟರ್ ಲೆಕ್ಕದಲ್ಲಿ ಅಪಾಯವನ್ನು ಅಳೆದವರನ್ನು ಪಾರ್ಕಿಂಗ್ ಸ್ಟಿಕ್ಕರ್ ಹಂಚಲು ಕೂರಿಸುವುದು ದಂಡ. ಸರಕು ಸಾಗಣೆ, ಆಸ್ಪತ್ರೆಯ ತುರ್ತು ಸೇವೆ, ಕಾರ್ಖಾನೆಯ ಸುರಕ್ಷತೆ, ವಿಮೆ, ದೊಡ್ಡ ಯಂತ್ರಗಳ ನಿರ್ವಹಣೆ, ಇಂಥ ಕಡೆ ಅವರ ಕಸುಬು ನೇರವಾಗಿ ಬಳಕೆಗೆ ಬರುತ್ತದೆ. ಕೆಟಲ್ಸ್ ಹಾಗೆ ನಡುವಯಸ್ಸಿನಲ್ಲಿ ಮತ್ತೆ ಓದಲು ಕೂರುವ ಅವಕಾಶವನ್ನೂ ಆರು ತಿಂಗಳಿಗಿಂತ ಉದ್ದ ಮಾಡಬೇಕು.

ಇಂಥವರನ್ನು ಸಂದರ್ಶನಕ್ಕೆ ಕರೆಯುವ ಮಾನವ ಸಂಪನ್ಮೂಲದವರಿಗೆ ಒಂದು ಮಾತು. ‘ನಿಮ್ಮ ಜೀವನದ ಅತ್ಯಂತ ಸಾಹಸದ ಕ್ಷಣ ಹೇಳಿ’ ಎಂದು ದಯವಿಟ್ಟು ಕೇಳಬೇಡಿ. ಅದಕ್ಕೆ ಬರುವ ಉತ್ತರ ಕೇಳಲು ಚೆಂದ, ಕೆಲಸಕ್ಕೆ ಬಾರದು. ಯಾವ ಯಾವ ಹಾರಾಟವನ್ನು ರದ್ದು ಮಾಡಿದಿರಿ, ಮೇಲಧಿಕಾರಿ ಅಥವಾ ಗಿರಾಕಿ ಎದುರು ಏನು ಹೇಳಿದಿರಿ, ಆಮೇಲೆ ಆ ನಿರ್ಧಾರ ಅತಿಯಾಯಿತು ಅನ್ನಿಸಿತೇ ಎಂದು ಕೇಳಿ. ಹಾರಿದ ಗಂಟೆಗಳ ಲೆಕ್ಕ ಅವರ ಲಾಗ್‌ಬುಕ್ಕಿನಲ್ಲೇ ಇರುತ್ತದೆ. ಹಾರದೆ ಉಳಿದ ದಿನಗಳ ಲೆಕ್ಕವನ್ನು ಬಾಯಿಬಿಟ್ಟು ಕೇಳಿಯೇ ತಿಳಿಯಬೇಕು.